ಗಿಟ್‌ಹಬ್ ಕೆಲಸ ಪೈಥಾನ್ ಕೈಗೆ

ಮಕ್ಕಳೇ, ಗಿಟ್‌ಹಬ್ ಹೆಸರು ಕೇಳಿದ್ದೀರಲ್ಲ? 2008ರಲ್ಲಿ ಶುರುವಾದ, ಪ್ರೋಗ್ರಾಂಗಳನ್ನು ಇಟ್ಟು ಹಲವರು ಸೇರಿ ತಿದ್ದುವ ತಾಣ. ಒಂದು ಪ್ರಾಜೆಕ್ಟಿನ ಕಡತಗಳಿರುವ ಜಾಗಕ್ಕೆ ಅಲ್ಲಿ ರೆಪಾಸಿಟರಿ ಎನ್ನುತ್ತಾರೆ. ದೋಷ ಕಂಡರೆ ಬರೆದಿಡುವ ಚೀಟಿಗೆ ಇಶ್ಯೂ. ನಲವತ್ತು ಇಶ್ಯೂಗಳನ್ನು ಒಂದೊಂದಾಗಿ ಬರೆಯಲು ಕೂತರೆ ಸಂಜೆಯಾಗುತ್ತೆ. ಪೈಗಿಟ್‌ಹಬ್ ಎಂಬ ಪೈಥಾನ್ ಲೈಬ್ರರಿ ಇದ್ದರೆ, ಪಟ್ಟಿ ಕೊಟ್ಟು ಫಾರ್ ಲೂಪಿನೊಳಗೆ ಇಶ್ಯೂ ಸೃಷ್ಟಿಸುವ ಒಂದೇ ಸಾಲು ಬರೆದರಾಯ್ತು. ಲೈಬ್ರರಿಯೇ ಗಿಟ್‌ಹಬ್ ಸರ್ವರಿಗೆ ನಿಮ್ಮ ಪರವಾಗಿ ಕೋರಿಕೆ ಕಳಿಸುತ್ತದೆ.

ಕೋರಿಕೆ ನಿಮ್ಮದೇ ಅಂತ ಸರ್ವರಿಗೆ ಗೊತ್ತಾಗೋದು ಹೇಗೆ? ಟೋಕನ್‌ನಿಂದ. ಅದು ಪಾಸ್‌ವರ್ಡ್ ಥರದ ಉದ್ದನೆಯ ಗುಪ್ತ ಅಕ್ಷರಸಾಲು. ಟೋಕನ್ ಇಲ್ಲದಿದ್ದರೆ ಗಂಟೆಗೆ 60 ಕೋರಿಕೆ, ಅದೂ ಎಲ್ಲರಿಗೂ ತೆರೆದಿರುವುದನ್ನು ಓದಲು ಮಾತ್ರ. ಇದ್ದರೆ ಸಾಮಾನ್ಯವಾಗಿ 5000.

ಎಚ್ಚರ ಬೇಕಾದ್ದು ಇಲ್ಲೇ. ವೆಬ್ ಪುಟದಲ್ಲಿ ರೆಪಾಸಿಟರಿ ಅಳಿಸಲು ಹೋದರೆ, ಅದರ ಹೆಸರನ್ನು ನಿಮ್ಮಿಂದಲೇ ಟೈಪ್ ಮಾಡಿಸಿ ಖಚಿತಪಡಿಸಿಕೊಳ್ಳುತ್ತೆ. ಪೈಥಾನಿನ ಡಿಲೀಟ್ ಸಾಲು ಏನನ್ನೂ ಕೇಳೋಲ್ಲ. ಲೂಪಿನೊಳಗೆ ಸಿಕ್ಕಿಕೊಂಡರಂತೂ ಒಂದರ ಹಿಂದೊಂದು ಮಾಯ! ಹಾಗಾಗಿ ಟೋಕನ್ ಮಾಡುವಾಗಲೇ ಒಂದೇ ರೆಪಾಸಿಟರಿ ಆರಿಸಿ, ಇಶ್ಯೂ ಬರೆಯುವ ಅನುಮತಿಯಷ್ಟೇ ಕೊಡಿ. ಆಗ ಅಳಿಸುವ ಸಾಲು ತಪ್ಪಿ ಬಂದರೂ ಸರ್ವರ್ ಒಪ್ಪುವುದಿಲ್ಲ. ಟೋಕನನ್ನು ಪ್ರೋಗ್ರಾಮಿನೊಳಗೆ ಬರೆಯಲೇಬೇಡಿ. ಆ ಕಡತ ಗಿಟ್‌ಹಬ್ಬಿಗೆ ಏರಿದರೆ ಕಂಡವರ ಕೈಗೆಲ್ಲ ನಿಮ್ಮ ಬೀಗದ ಕೈ. ಏರಿಬಿಟ್ಟಿದ್ದರೆ ಆ ಸಾಲು ಅಳಿಸಿ ಸುಮ್ಮನಾಗಬೇಡಿ, ಹಳೆಯ ಪ್ರತಿಯಲ್ಲಿ ಅದು ಉಳಿದೇ ಇರುತ್ತೆ. ಟೋಕನನ್ನೇ ರದ್ದು ಮಾಡಿ.

ಮೊದಲ ಸಲ ಓಡಿಸುವಾಗ ಇಶ್ಯೂ ಸೃಷ್ಟಿಸುವ ಸಾಲಿನ ಬದಲು ಪ್ರಿಂಟ್ ಹಾಕಿ, ಪಟ್ಟಿ ಸರಿಯಿದೆಯಾ ಪರದೆಯ ಮೇಲೆ ನೋಡಿಕೊಳ್ಳಿ.