ಕೇದಾರದ ಬೆಟ್ಟ ಹತ್ತುವ ಮೊದಲು

"ಅಕ್ಕಾರ, ನಾವೂ ಕೇದಾರಕ್ಕ ಹೋಗಬೇಕಂತ ಮಾಡೇವಿ. ಬೆಟ್ಟ ಹತ್ತಾಕ ನಮ್ಮ ಕೈಲೆ ಆಗತೈತೇನ್ರಿ?"

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಮೂವರು ಹೆಂಗಸರು ಒಂದು ಸಂಜೆ ಹೀಗೆ ಕೇಳಿದರು. ಸಂಘದಲ್ಲಿ ಎರಡು ವರ್ಷ ಹಣ ಕೂಡಿಸಿದ್ದರು. ಮನೆಯವರನ್ನೂ ಒಪ್ಪಿಸಿದ್ದರು. ಉಳಿದದ್ದು ಬೆಟ್ಟ ಒಂದೇ.

ಆಗುತ್ತದೆ ಎಂದೆ. ಆದರೆ ಮೂರು ತಿಂಗಳು ತಯಾರಿ ಬೇಕು ಎಂದೆ.

"ದೇವರ ಹತ್ರ ಹೋಗಾಕ ಎಂಥಾ ತಯಾರಿ ರೀ?" ಎಂದು ಒಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಕೇದಾರನಾಥ ಇರುವುದು ಉತ್ತರಾಖಂಡ ರಾಜ್ಯದಲ್ಲಿ. ಹಿಮಾಲಯದ ಮಡಿಲಲ್ಲಿ, ಮಂದಾಕಿನಿ ಹೊಳೆಯ ದಂಡೆಯ ಮೇಲೆ. ವರ್ಷದಲ್ಲಿ ಸುಮಾರು ಆರು ತಿಂಗಳು ಮಾತ್ರ ಗುಡಿ ತೆರೆದಿರುತ್ತದೆ. ಏಪ್ರಿಲ್ ಕೊನೆಗೆ ಇಲ್ಲವೆ ಮೇ ತಿಂಗಳಲ್ಲಿ ಬಾಗಿಲು ತೆರೆಯುತ್ತಾರೆ. ದೀಪಾವಳಿ ಮುಗಿದ ಮೇಲೆ ಮುಚ್ಚುತ್ತಾರೆ. ಚಳಿಗಾಲದಲ್ಲಿ ಅಲ್ಲೆಲ್ಲ ಹಿಮ. ಆಗ ಉತ್ಸವಮೂರ್ತಿಯನ್ನು ಕೆಳಗಿನ ಊಖೀಮಠಕ್ಕೆ ತರುತ್ತಾರೆ. ಪೂಜೆ ಅಲ್ಲಿ ನಡೆಯುತ್ತದೆ.

ನಮಗೂ ಆ ಗುಡಿಗೂ ಹಳೆಯ ನಂಟು ಇದೆ. ಅಲ್ಲಿಯ ಮುಖ್ಯ ಅರ್ಚಕರನ್ನು ರಾವಲರು ಎನ್ನುತ್ತಾರೆ. ದಕ್ಷಿಣದ ವೀರಶೈವ ಜಂಗಮರೇ ರಾವಲರಾಗುವ ರೂಢಿ. ಕರ್ನಾಟಕದಿಂದ ಹೋದವರು ಹಲವರು. ವೀರಶೈವರ ಐದು ಪೀಠಗಳಲ್ಲಿ ಒಂದು ಊಖೀಮಠದಲ್ಲಿಯೇ ಇದೆ. ಹೆಂಗಸರು ದೂರ ನಡೆದು ಹೋಗುವುದೂ ಹೊಸದಲ್ಲ ಬಿಡಿ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದಳಲ್ಲ!

ಈಗ ಎತ್ತರದ ಲೆಕ್ಕ ನೋಡೋಣ. ಮೋಟಾರು ಗೌರಿಕುಂಡದವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಸುಮಾರು 16 ಕಿಲೋಮೀಟರ್ ನಡಿಗೆ. ಗೌರಿಕುಂಡದ ಎತ್ತರ ಹತ್ತಿರ ಹತ್ತಿರ 2000 ಮೀಟರ್. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1930 ಮೀಟರ್. ಅಂದರೆ ಏನಾಯಿತು? ನಮ್ಮ ಬೆಟ್ಟದ ತುದಿ ಎಲ್ಲಿ ಮುಗಿಯುತ್ತದೋ, ಅಲ್ಲಿಂದ ಕೇದಾರದ ನಡಿಗೆ ಶುರು. ಗುಡಿ ಇರುವುದು 3583 ಮೀಟರ್ ಎತ್ತರದಲ್ಲಿ.

ಅಷ್ಟು ಎತ್ತರದಲ್ಲಿ ಗಾಳಿ ತೆಳ್ಳಗಿರುತ್ತದೆ. ಒಂದು ಉಸಿರಿಗೆ ಸಿಗುವ ಪ್ರಾಣವಾಯು ಕಡಿಮೆ. ಸಮುದ್ರದ ದಂಡೆಯಲ್ಲಿ ಒಂದು ಉಸಿರಿಗೆ ಮೂರು ರೊಟ್ಟಿ ಸಿಗುತ್ತದೆ ಅನ್ನಿ. ಕೇದಾರದಲ್ಲಿ ಎರಡೇ ರೊಟ್ಟಿ. ಕೆಲಸ ಮಾತ್ರ ಹೆಚ್ಚು. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ಎರಡು ಮೂರು ದಿನವಾದರೂ ಬೇಕು. ಸಮಯ ಕೊಡದೆ ಏರಿದರೆ ತಲೆ ನೋಯುತ್ತದೆ. ಊಟ ಬೇಡವಾಗುತ್ತದೆ. ವಾಂತಿ ಬರುತ್ತದೆ. ನಿದ್ದೆ ಬರುವುದಿಲ್ಲ. ಇದು ಬಿಸಿಲಿನ ತಲೆನೋವಲ್ಲ, ದೃಷ್ಟಿಯೂ ಅಲ್ಲ. ಎತ್ತರದ ಕಾಯಿಲೆ. ಗಟ್ಟಿಮುಟ್ಟಾದ ಹರೆಯದವರಿಗೂ ಬರುತ್ತದೆ.

2018ರಲ್ಲಿ ನಾನು ನಮ್ಮತ್ತೆಯ ಜೊತೆ ಹೋಗಿದ್ದೆ. ಅವರಿಗೆ ಆಗ 58 ವರ್ಷ. ಹೊಲದಲ್ಲಿ ದುಡಿದು ಗಟ್ಟಿಯಾದ ಮೈ. ನನಗಿಂತ ಬಿರುಸಾಗಿ ನಡೆಯುವವರು. ಕರೆದುಕೊಂಡು ಹೋದ ಬಸ್ಸಿನವರು ಹರಿದ್ವಾರದಿಂದ ಒಂದೇ ದಿನದಲ್ಲಿ ನಮ್ಮನ್ನು ಮೇಲೆ ತಂದರು. ಮಾರನೆಯ ದಿನ ನಸುಕಿನಲ್ಲಿ ಹತ್ತಿಸಿದರು. ಅಂದು ಸೋಮವಾರ. ಅತ್ತೆಯದು ಉಪವಾಸ. ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ಕುಡಿದರೆ ದಾರಿಯಲ್ಲಿ ಎಲ್ಲಿ ಹೋಗುವುದು ಎಂಬ ಚಿಂತೆ. ಹೆಂಗಸರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿಂಚೋಲಿ ಎಂಬಲ್ಲಿ ಬಂದಾಗ ಅವರ ಮುಖ ಬಾಡಿತ್ತು. ಕೇಳಿದರೆ "ಏನಿಲ್ಲ" ಎಂದರು. ತಲೆನೋವು ಶುರುವಾಗಿ ಎರಡು ತಾಸಾಗಿತ್ತಂತೆ. ಹೇಳಲೇ ಇಲ್ಲ. ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿದ್ದನ್ನು ನಾನೇ ನೋಡಿದೆ. ಎದ್ದು ನಡೆದರೆ ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತು. ದಾರಿಯ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದೆ. ಡಾಕ್ಟರು ಒಂದು ಗೆರೆ ತೋರಿಸಿದರು. ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯಿರಿ ಎಂದರು. ಅತ್ತೆಗೆ ಆಗಲಿಲ್ಲ. ಈಗಲೇ ಕೆಳಗೆ ಇಳಿಸಿ ಎಂದರು ಡಾಕ್ಟರು.

ಅತ್ತೆ ನನ್ನ ಕೈ ಹಿಡಿದು ಅತ್ತರು. "ಇನ್ನ ಸ್ವಲ್ಪ ಐತಿ ಯವ್ವಾ. ಅಲ್ಲೇ ಸತ್ತರೂ ಪುಣ್ಯ ಐತಿ" ಎಂದರು. ನಾನು ಕೇಳಲಿಲ್ಲ. ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊರುವ ಆಳು ಸಿಕ್ಕ. ಇಳಿಸಿಕೊಂಡು ಬಂದೆ. ರಾತ್ರಿ ಗೌರಿಕುಂಡದಲ್ಲಿ ತಲೆನೋವು ಹೋಗಿತ್ತು. ಚಹಾ ಕುಡಿದರು. ಆದರೆ ದರ್ಶನ ಆಗಲಿಲ್ಲ. ಆಮೇಲೆ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಮಾಡಿದ್ದು ಸರಿ ಎಂದೇ ಹೇಳುತ್ತೇನೆ. ತಪ್ಪು ಆದದ್ದು ಊರಲ್ಲೇ. ತಯಾರಿ ಇಲ್ಲದೆ ಹೊರಟೆವಲ್ಲ, ಅದು ತಪ್ಪು.

ಆದ್ದರಿಂದ ಅಕ್ಕಂದಿರೇ, ಮೊದಲು ಆಸ್ಪತ್ರೆಗೆ ಹೋಗಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಬಿ.ಪಿ., ಸಕ್ಕರೆ, ಹೃದಯ ಎಲ್ಲ ನೋಡಿಸಿ. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಪ್ಪದೆ ಕೇಳಿ. ಪ್ರಾಣವಾಯುವನ್ನು ಮೈಯೆಲ್ಲ ಹೊತ್ತು ಒಯ್ಯುವುದು ಅದೇ. ಹೆಂಗಸರಿಗೆ ಅದು 12 ಆದರೂ ಇರಬೇಕು. 2019-21ರಲ್ಲಿ ಸರ್ಕಾರ ದೇಶದ ತುಂಬ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ ಇತ್ತು. ಮನೆಯಲ್ಲಿ ಕೊನೆಗೆ ಉಣ್ಣುವವರು ನಾವೇ ತಾನೆ? ಗಾಳಿಯೂ ತೆಳ್ಳಗೆ, ರಕ್ತವೂ ತೆಳ್ಳಗೆ ಆದರೆ ಬೆಟ್ಟ ಹತ್ತುವುದು ಹೇಗೆ? ಕಬ್ಬಿಣದ ಗುಳಿಗೆ ಕೊಟ್ಟರೆ ಬಿಡದೆ ನುಂಗಿ. ಚಹಾದ ಜೊತೆ ಬೇಡ. ಚಹಾ ಅದರ ಸತ್ವವನ್ನು ಮೈಗೆ ಸೇರಗೊಡುವುದಿಲ್ಲ. ಲಿಂಬೆ ಹಣ್ಣು ಸೇರಗೊಡುತ್ತದೆ. ರಕ್ತ ಏರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅದಕ್ಕೇ ನಾನು ಮೂರು ತಿಂಗಳು ಎಂದದ್ದು.

ಎತ್ತರದ ಕಾಯಿಲೆ ಬಾರದಂತೆ ಮೊದಲೇ ನುಂಗುವ ಗುಳಿಗೆಯೂ ಇದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಡಾಕ್ಟರು ಬರೆದುಕೊಟ್ಟರೆ ಮಾತ್ರ ನುಂಗಿ.

ಇನ್ನು ನಡಿಗೆ. "ನಾವು ದಿನಾ ಹೊಲಕ್ಕೆ ನಡೆಯುವುದಿಲ್ಲವೆ?" ಎನ್ನಬಹುದು. ಅದು ಸಪಾಟು ನೆಲ. ಇದು ಏರು. ಮೊದಲು ದಿನಾ ಅರ್ಧ ತಾಸು ನಡೆಯಿರಿ. ವಾರ ವಾರ ಹೆಚ್ಚಿಸಿ. ಆಮೇಲೆ ಹತ್ತಿರದ ಗುಡ್ಡ ಹತ್ತಿ. ಗಂಗಾವತಿ ಕಡೆಯವರಿಗೆ ಅಂಜನಾದ್ರಿ ಇದೆ, 575 ಮೆಟ್ಟಿಲು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ. ಇಳಿಯುವುದನ್ನೂ ರೂಢಿ ಮಾಡಿ. ಮೊಣಕಾಲು ನೋಯುವುದು ಇಳಿಯುವಾಗಲೇ. ಕೈಯಲ್ಲಿ ಒಂದು ಕೋಲು ಇರಲಿ. ಬೂಟು ಹೊಸದಾದರೆ ಊರಲ್ಲೇ ತಿಂಗಳು ಕಾಲ ತೊಟ್ಟು ಹಳೆಯದು ಮಾಡಿ.

ಎಷ್ಟು ವೇಗದಲ್ಲಿ ಹತ್ತಬೇಕು? ಇದಕ್ಕೆ ಗಡಿಯಾರ ಬೇಡ. ಹೆಜ್ಜೆಗೆ ಒಂದು ಅಕ್ಷರದಂತೆ ಓಂ ನಮಃ ಶಿವಾಯ ಎನ್ನುತ್ತ ನಡೆಯಿರಿ. ಬಾಯಿಬಿಟ್ಟು ಹೇಳಿ. ಹೇಳಲು ಆಗದಷ್ಟು ಏದುಸಿರು ಬಂತೋ, ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ನಿಂತುಕೊಳ್ಳಿ. ಮತ್ತೆ ನಾಮ ಬಾಯಿಗೆ ಬಂದಾಗ ಹೆಜ್ಜೆ ಇಡಿ. ಮನಸ್ಸೂ ನಿಲ್ಲುತ್ತದೆ, ಎದೆಬಡಿತವೂ ಹತೋಟಿಯಲ್ಲಿರುತ್ತದೆ.

ಹರಕೆಯ ವಿಷಯ. ಬರಿಗಾಲಲ್ಲಿ ಹತ್ತುವ ಹರಕೆ ಹೊರಬೇಡಿ. ಅಲ್ಲಿ ಕೊರೆಯುವ ಚಳಿ, ಚೂಪು ಕಲ್ಲು, ಹೇಸರಗತ್ತೆಗಳ ಲದ್ದಿ. ಉಪವಾಸವನ್ನು ಊರಲ್ಲಿ ಮಾಡಿ ಮುಗಿಸಿ. ಸಕ್ಕರೆ ಕಾಯಿಲೆಯವರು ದಾರಿಯಲ್ಲಿ ಹೊಟ್ಟೆ ಖಾಲಿ ಬಿಡಲೇಬಾರದು. ನೀರು ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ಶೌಚಾಲಯ ಕಂಡಲ್ಲೆಲ್ಲ ಹೋಗಿಬನ್ನಿ, ಮುಂದೆ ನೋಡೋಣ ಎನ್ನಬೇಡಿ. ಮುಟ್ಟು ಮುಂದೂಡುವ ಗುಳಿಗೆಯನ್ನು ಅಂಗಡಿಯಲ್ಲಿ ಕೇಳಿ ನುಂಗುವವರಿದ್ದಾರೆ. ಅದನ್ನೂ ಡಾಕ್ಟರನ್ನು ಕೇಳದೆ ನುಂಗಬಾರದು. ಮುಟ್ಟಾದರೆ ಬೇಕಾಗುವ ಬಟ್ಟೆ ಅಥವಾ ಪ್ಯಾಡು ಚೀಲದಲ್ಲಿರಲಿ.

ಕುದುರೆ ಏರಿದರೆ ಪುಣ್ಯ ಕಡಿಮೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕುಂಟುವ ಪ್ರಾಣಿಯನ್ನು ಮಾತ್ರ ಏರಬೇಡಿ. ಆದರೆ ಒಂದು ಮಾತು ನೆನಪಿಡಿ. ಕುದುರೆ ಕಾಲಿನ ಕಷ್ಟ ತಪ್ಪಿಸುತ್ತದೆ, ತೆಳ್ಳನೆಯ ಗಾಳಿಯನ್ನು ತಪ್ಪಿಸುವುದಿಲ್ಲ. ಹೆಲಿಕಾಪ್ಟರಿನಲ್ಲಿ ಹೋದವರು ಕೆಲವೇ ನಿಮಿಷದಲ್ಲಿ ಮೇಲಿರುತ್ತಾರೆ. ಅವರ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಬಟ್ಟೆ: ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕೈಗವಸು, ಕಾಲುಚೀಲ, ಮಳೆಯ ಕೋಟು. ನೂಲಿನ ಸೀರೆ ನೆನೆದರೆ ಬೇಗ ಒಣಗದು, ಮೈ ತಣ್ಣಗಾಗುತ್ತದೆ. ಚೂಡಿದಾರ ಒಳ್ಳೆಯದು. ಸೀರೆಯೇ ಬೇಕೆಂದರೆ ಒಳಗೆ ಉಣ್ಣೆಯ ಪ್ಯಾಂಟು ತೊಟ್ಟು ಕಚ್ಚೆ ಹಾಕಿ ಉಡಿ.

ಜುಲೈ, ಆಗಸ್ಟ್ ಮಳೆಯಲ್ಲಿ ಹೋಗಬೇಡಿ. ಗುಡ್ಡ ಕುಸಿಯುತ್ತದೆ. 2013ರ ಜೂನ್ 16 ಮತ್ತು 17ರಂದು ಭಾರಿ ಮಳೆ ಬಂದು, ಗುಡಿಯ ಮೇಲ್ಗಡೆಯ ಚೋರಾಬಾರಿ ಕೆರೆ ಒಡೆಯಿತು. ನೀರು, ಕಲ್ಲು, ಮಣ್ಣು ನುಗ್ಗಿ ಬಂತು. ಸಾವಿರಾರು ಜನ ಸತ್ತರು. ಯಾರು ಬಂದಿದ್ದರು, ಯಾರು ಮರಳಿದರು ಎಂಬ ಪಟ್ಟಿಯೇ ಸರಿಯಾಗಿ ಇರಲಿಲ್ಲ. ಈಗ ಹೊರಡುವ ಮೊದಲೇ ಹೆಸರು ನೋಂದಾಯಿಸಬೇಕು. ಇದು ಕಡ್ಡಾಯ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತು ನಿಮ್ಮ ಹೆಸರು, ವಯಸ್ಸು, ಫೋನ್ ನಂಬರು ಸರಿ ಇದೆಯೇ ಎಂದು ಓದಿ ನೋಡಿ. ಕಾಯಿಲೆ ಇದ್ದರೆ ಮುಚ್ಚಿಡಬೇಡಿ.

ಇನ್ನೊಂದು ಚೀಟಿ ನಿಮ್ಮ ಕೈಯಾರೆ ಬರೆಯಿರಿ. ಹೆಸರು, ಊರು, ಮನೆಯವರ ಫೋನ್ ನಂಬರು, ಇರುವ ಕಾಯಿಲೆ, ನುಂಗುವ ಗುಳಿಗೆ. ಅಲ್ಲಿಯವರಿಗೆ ಕನ್ನಡ ಓದಲು ಬಾರದು. ಮಕ್ಕಳಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೆಳಗೆ ಬರೆಯಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುಪ್ಪಸದ ಒಳಗೆ ಇಟ್ಟುಕೊಳ್ಳಿ.

ದಾರಿಯಲ್ಲಿ ತಲೆನೋವು ಬಂದರೆ ಜೊತೆಯವರಿಗೆ ಹೇಳಿ. ಅಲ್ಲೇ ನಿಲ್ಲಿ, ಮೇಲೆ ಏರಬೇಡಿ. ಕಾಲು ತಡವರಿಸಿದರೆ, ಮಾತು ತಪ್ಪಿದರೆ, ಕುಳಿತಾಗಲೂ ಉಸಿರು ಕಟ್ಟಿದರೆ ತಡಮಾಡದೆ ಇಳಿಯಿರಿ. ರಾತ್ರಿ ಕಳೆಯಲಿ ಎಂದು ಕಾಯಬಾರದು. ಇಳಿಯುವುದೇ ಮೊದಲ ಮದ್ದು.

ಆ ಮೂವರ ಜೊತೆ ಈಗ ನಮ್ಮತ್ತೆಯೂ ದಿನಾ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಸೆಪ್ಟೆಂಬರಿನಲ್ಲಿ ಮಳೆ ನಿಂತ ಮೇಲೆ ಹೊರಡುವುದು. ಹತ್ತುವ ಮೊದಲು ಗುಪ್ತಕಾಶಿಯ ಕಡೆ ಎರಡು ರಾತ್ರಿ ತಂಗುವುದೆಂದು ಗೊತ್ತು ಮಾಡಿದ್ದೇವೆ. ಅತ್ತೆ ಹೋದ ವರ್ಷವಷ್ಟೇ ನಮ್ಮ ಕೇಂದ್ರದಲ್ಲಿ ಅಕ್ಷರ ಕಲಿತರು. ಚೀಟಿ ತಾವೇ ಬರೆದಿದ್ದಾರೆ. ನಾನು ಹೇಳಿದ್ದೆಲ್ಲ ಬರೆದು, ಕೊನೆಗೆ ಒಂದು ಸಾಲು ತಾವೇ ಸೇರಿಸಿದ್ದಾರೆ: "ತಲಿ ನೋವಾದರ ಹೇಳತೇನಿ."