ಅಪ್ಪಾ ಕೇಳಿದರೂ ಬಾಯಿಬಿಡದ ಅರಸ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. 1841ರಲ್ಲಿ ಈ ಸಂಸ್ಥಾನಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರನ ಬಂಗಲೆ ಅದು. ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ; ಆಡಳಿತವೂ ಹುಡುಗನ ಕಲಿಕೆಯೂ ಟೇಲರನ ಕೈಗೆ ಬಂದವು. ಈ ಸೀಮೆಯ ಜನ ಅವನನ್ನು ಮಹಾದೇವ ಬಾಬಾ ಎಂದರು. ಹುಡುಗ ಮಾತ್ರ ಬಾಯಿತುಂಬ ‘ಅಪ್ಪಾ’ ಎಂದೇ ಕರೆದ.

1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಹೈದರಾಬಾದಿನಲ್ಲಿ ಸೆರೆಸಿಕ್ಕ ತರುಣ ಅರಸ ವೆಂಕಟಪ್ಪನನ್ನು ಕಾಣಲು ಟೇಲರ್ ಹೋದ. ನಿನ್ನನ್ನು ದಂಗೆಗೆ ಹಚ್ಚಿದವರು ಯಾರು, ಹೇಳಿಬಿಡು, ಜೀವ ಉಳಿದೀತು ಎಂಬುದು ಆ ಭೇಟಿಯ ತಿರುಳು. ಅರಸ ಒಪ್ಪಲಿಲ್ಲ. ಸಾವಿಗೆ ಅಂಜುವುದಿಲ್ಲ, ಆದರೆ ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದಷ್ಟೇ ಬೇಡಿಕೊಂಡ. ಇದನ್ನು ಬರೆದಿಟ್ಟವನು ಸ್ವತಃ ಟೇಲರ್; 1877ರಲ್ಲಿ, ಅವನ ಸಾವಿನ ನಂತರ, ಅಚ್ಚಾದ ಆತ್ಮಕಥೆಯಲ್ಲಿ.

ಎದುರಿಗೇ ಕೂತ ಹಿರಿಯನ ಮಾತನ್ನು ಮೀರುವುದು ಎಷ್ಟು ಕಷ್ಟ ಎಂಬುದು ಪ್ರಯೋಗಶಾಲೆಯಲ್ಲಿ ತೂಗಲ್ಪಟ್ಟಿದ್ದು ಇದಾದ ನೂರಮೂರು ವರ್ಷಕ್ಕೆ.

ಅದನ್ನು ತೂಗಿದ ಸ್ಟಾನ್ಲಿ ಮಿಲ್‌ಗ್ರಾಂ 1933ರಲ್ಲಿ ನ್ಯೂಯಾರ್ಕಿನ ಯಹೂದಿ ಮನೆಯಲ್ಲಿ ಹುಟ್ಟಿದವನು. ಸಾಲಮನ್ ಆ್ಯಶ್ ಎಂಬ ಮನೋವಿಜ್ಞಾನಿಯ ಬಳಿ ಕೆಲಸ ಮಾಡಿದ್ದ. ಸುತ್ತಲಿನವರೆಲ್ಲ ಗಿಡ್ಡ ಗೆರೆಯನ್ನು ಉದ್ದ ಎಂದರೆ, ಕಣ್ಣಾರೆ ಕಂಡವನೂ ಹಲವು ಸಲ ಹೌದೆನ್ನುತ್ತಾನೆ ಎಂದು ತೋರಿಸಿದವನು ಆ್ಯಶ್. ಗೆರೆಯ ಮಾತು ಬಿಡಿ, ಗುಂಪು ಒತ್ತಾಯಿಸಿದರೆ ಮನುಷ್ಯ ಇನ್ನೊಬ್ಬನಿಗೆ ಹಿಂಸೆ ಕೊಟ್ಟಾನೆಯೇ ಎಂಬುದು ಶಿಷ್ಯನ ಪ್ರಶ್ನೆಯಾಯಿತು. ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕಿತ್ತು: ಗುಂಪೇ ಇಲ್ಲದೆ, ಬರೀ ಒಬ್ಬನ ಅಪ್ಪಣೆಗೆ, ಒಂಟಿ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೆ? ಆ ಅಳತೆಗೋಲೇ ಅಸಲಿ ಪ್ರಯೋಗವಾಗಿ ಬೆಳೆಯಿತು. ಪ್ರಯೋಗ ಶುರುವಾದ 1961ರಲ್ಲೇ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್ ವಿಚಾರಣೆ ನಡೆದಿತ್ತು. ಮೇಲಿನವರ ಆಜ್ಞೆ ಪಾಲಿಸಿದೆ ಎಂಬುದೇ ಅವನ ವಾದ. ಮೊದಲು ಅಮೆರಿಕನ್ನರನ್ನು ಪರೀಕ್ಷಿಸಿ ಆಮೇಲೆ ಜರ್ಮನಿಗೆ ಹೋಗುವ ಯೋಚನೆ ಮಿಲ್‌ಗ್ರಾಂಗಿತ್ತು. ಹೋಗುವ ಅಗತ್ಯವೇ ಬೀಳಲಿಲ್ಲ.

ಯೇಲ್ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಪೆಟ್ಟಿಗೆಯೊಂದಿತ್ತು. ಮೂವತ್ತು ಗುಂಡಿಗಳು, 15ರಿಂದ 450 ವೋಲ್ಟ್‌ವರೆಗೆ. ನೆನಪಿನ ಶಕ್ತಿಯ ಅಧ್ಯಯನ ಎಂಬ ಜಾಹೀರಾತು ನೋಡಿ ನಾಲ್ಕೂವರೆ ಡಾಲರಿಗೆ ಬಂದವನು ‘ಮೇಷ್ಟ್ರು’. ಪಕ್ಕದ ಕೋಣೆಯ ‘ವಿದ್ಯಾರ್ಥಿ’ ತಪ್ಪು ಹೇಳಿದಾಗಲೆಲ್ಲ ಶಾಕ್ ಏರಿಸುವುದು ಅವನ ಕೆಲಸ. ವಿದ್ಯಾರ್ಥಿ ನಟ, ಶಾಕ್ ಸುಳ್ಳು. ಮೇಷ್ಟ್ರು ತಡವರಿಸಿದರೆ ಪ್ರಯೋಗ ನಡೆಸುವ ಬೂದು ಕೋಟಿನವನು ‘ಮುಂದುವರಿಸಿ’ ಎನ್ನುತ್ತಿದ್ದ. ಸಾವಿರಕ್ಕೊಬ್ಬ ಕೊನೆಯ ಗುಂಡಿ ಒತ್ತಿಯಾನು ಎಂದು ಮನೋವೈದ್ಯರು ಊಹಿಸಿದ್ದರು. 1963ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 40 ಜನರ ಪೈಕಿ 26 ಮಂದಿ ಒತ್ತಿದ್ದರು. ಬೆವರುತ್ತ, ನಡುಗುತ್ತ, ತುಟಿ ಕಚ್ಚುತ್ತ ಒತ್ತಿದ್ದರು.

‘ಸಾಹೇಬ್ರು ಹೇಳ್ಯಾರ್ರೀ’ ಎಂಬ ಮಾತನ್ನು ಕಚೇರಿ ಜಗುಲಿಗಳಲ್ಲಿ ಕೇಳಿ ಬೆಳೆದವರಿಗೆ ಇದು ಪರದೇಶದ ಸುದ್ದಿ ಅನಿಸಲಾರದು.

ಟೀಕೆಗಳೂ ಬಂದವು. ಬಂದವರಿಗೆ ಹೀಗೆ ಸಂಕಟ ಕೊಡುವುದು ನ್ಯಾಯವೇ ಎಂದು ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ 1964ರಲ್ಲೇ ಕೇಳಿದಳು. ಇದು ನಾಟಕವೆಂಬ ಗುಮಾನಿ ಕೆಲವರಿಗಿತ್ತು ಎಂಬುದು ದಾಖಲೆಗಳನ್ನು ಕೆದಕಿದ ಜೀನಾ ಪೆರ್ರಿಗೆ ಕಂಡಿತು. ಆದರೆ ಹೆಚ್ಚು ಗಮನ ಬೇಡುವುದು ಮಿಲ್‌ಗ್ರಾಂ ಮಾಡಿದ ಬದಲಾವಣೆಗಳು. ಅಪ್ಪಣೆ ಕೊಡುವವನು ಕೋಣೆಯಿಂದ ಹೊರಹೋಗಿ ಫೋನಿನಲ್ಲಿ ಮಾತಾಡಿದಾಗ ಕೊನೆ ಮುಟ್ಟಿದವರು ಐವರಲ್ಲಿ ಒಬ್ಬರಷ್ಟೇ. ಜೊತೆಗಿದ್ದ ಇಬ್ಬರು ‘ಮೇಷ್ಟ್ರು’ಗಳು ನಡುವೆ ಎದ್ದು ನಿರಾಕರಿಸಿದಾಗ, 40ರಲ್ಲಿ ನಾಲ್ವರು ಮಾತ್ರ! 2009ರಲ್ಲಿ ಮನೋವಿಜ್ಞಾನಿ ಜೆರ್ರಿ ಬರ್ಗರ್ ಇದೇ ಪ್ರಯೋಗವನ್ನು 150 ವೋಲ್ಟ್‌ಗೆ ನಿಲ್ಲಿಸಿ ನಡೆಸಿದ ವರದಿ ಪ್ರಕಟಿಸಿದ. ‘ನಿಮಗೆ ಬೇರೆ ದಾರಿಯಿಲ್ಲ’ ಎಂಬ ಖಡಕ್ ಮಾತು ಕಿವಿಗೆ ಬಿದ್ದ ಒಬ್ಬರೂ ಅಲ್ಲಿ ಮುಂದುವರಿಯಲಿಲ್ಲ. ಜನ ಬಗ್ಗುವುದು ಗದರಿಕೆಗಿಂತ ಹೆಚ್ಚಾಗಿ ಒಳ್ಳೆಯ ಕೆಲಸಕ್ಕೆ ಕೈಜೋಡಿಸುತ್ತಿದ್ದೇವೆ ಎಂಬ ನಂಬಿಕೆಗೆ ಎಂದು ಮನೋವಿಜ್ಞಾನಿಗಳಾದ ಹ್ಯಾಸ್ಲಮ್ ಮತ್ತು ರೈಖರ್ ವಾದಿಸುತ್ತಾರೆ.

ಈ ಬೆಳಕಿನಲ್ಲಿ ಹೈದರಾಬಾದಿನ ಸೆರೆಮನೆಯನ್ನು ಮತ್ತೆ ನೋಡಬೇಕು. ಕೇಳಿದವನು ಗದರಲಿಲ್ಲ, ಸಾಕಿದವನು, ಒಳ್ಳೆಯದನ್ನೇ ಬಯಸಿದವನು, ಕೈಗೆಟುಕುವಷ್ಟು ಹತ್ತಿರ ಇದ್ದವನು. ಒಪ್ಪಲು ಬೇಕಾದದ್ದೆಲ್ಲ ಅಲ್ಲಿತ್ತು. ಆದರೆ ಯೇಲಿನ ಮೇಷ್ಟ್ರಂತೆ ಅರಸ ಒಂಟಿಯಾಗಿರಲಿಲ್ಲ. ಕೋಣೆಯಲ್ಲಿ ಇಲ್ಲದ, ಆದರೆ ಅವನ ಜೊತೆ ಕತ್ತಿ ಹಿರಿದ ಸುರಪುರದ ಬೇಡರು ಅವನ ಬೆನ್ನಿಗಿದ್ದರು. ಅವರನ್ನು ಒಪ್ಪಿಸಿಕೊಟ್ಟು ಉಳಿಯುವುದು ಅವನಿಗೆ ಬದುಕೆನಿಸಿರಲಿಕ್ಕಿಲ್ಲ.

ಮರಣದಂಡನೆ ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುತ್ತಿದ್ದಾಗ, 1858ರ ಮೇ ತಿಂಗಳಲ್ಲಿ, ಹೈದರಾಬಾದಿನ ಹತ್ತಿರವೇ ವೆಂಕಟಪ್ಪ ನಾಯಕ ಪಿಸ್ತೂಲಿನ ಗುಂಡಿಗೆ ಬಲಿಯಾದ. ಅಪ್ಪಾ ಕೇಳಿದ ಹೆಸರುಗಳು ಅವನೊಂದಿಗೇ ಹೋದವು.