ಕಪಾಟಿನಲ್ಲುಳಿದ ಸಾಬೂನು ಯಾರಿಗೆ?

ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಊರಿಗೆ ಬಂದವರ ಪೆಟ್ಟಿಗೆ ತೆರೆಯುವ ಹೊತ್ತು ಕಾಸರಗೋಡಿನ ಅನೇಕ ಮನೆಗಳಲ್ಲಿ ಸಣ್ಣದೊಂದು ಹಬ್ಬವೇ ಸರಿ. ಖರ್ಜೂರ, ಬಾದಾಮಿ, ಹಾಲಿನ ಪುಡಿಯ ಡಬ್ಬಗಳ ನಡುವಿನಿಂದ ಪರಿಮಳದ ಸಾಬೂನು, ಶ್ಯಾಂಪೂ, ಮೈಗೆ ಹಚ್ಚುವ ಲೋಷನ್, ಅತ್ತರಿನ ಶೀಸೆ, ಮುಖಕ್ಕೆ ಬಳಿಯುವ ಕ್ರೀಮುಗಳು ಒಂದೊಂದಾಗಿ ಹೊರಬರುತ್ತವೆ. ನೆಂಟರಿಷ್ಟರಿಗೆ, ನೆರೆಹೊರೆಗೆ ಹಂಚಿದ ಮೇಲೆ ಉಳಿದದ್ದು ಕಪಾಟು ಸೇರುತ್ತದೆ. ಮದುವೆಯಲ್ಲಿ ಬಂದ ಉಡುಗೊರೆ, ಮಗುವಿನ ನಾಮಕರಣದಲ್ಲಿ ಬಂದ ಪೌಡರು ಮತ್ತು ಎಣ್ಣೆಯ ಪೊಟ್ಟಣ, ಒಂದು ಕೊಂಡರೆ ಇನ್ನೊಂದು ಉಚಿತವೆಂದು ಪೇಟೆಯಿಂದ ತಂದದ್ದು, ಎಲ್ಲವೂ ಅದೇ ಕಪಾಟಿನ ಪಾಲು. ವರ್ಷಗಳು ಕಳೆದು ಯಾವಾಗಲೋ ಕಪಾಟನ್ನು ಶುಚಿಗೊಳಿಸುವ ದಿನ ಬರುತ್ತದೆ. ಬಳಸುವವರಿಲ್ಲ, ಎಸೆಯಲು ಮನಸ್ಸಿಲ್ಲ. ಆಗ ಮನೆಯಲ್ಲೊಂದು ಮಾತು ಹುಟ್ಟುತ್ತದೆ: ಯಾರಾದರೂ ಬಡವರಿಗೆ ಕೊಟ್ಟರಾಯಿತು.

ಮಾತು ಒಳ್ಳೆಯದೇ. ಆದರೆ ಕಪಾಟು ಖಾಲಿಯಾಗಬೇಕೆಂಬ ಅವಸರವೂ ಇನ್ನೊಬ್ಬರ ಕೊರತೆ ನೀಗಬೇಕೆಂಬ ಕಾಳಜಿಯೂ ಒಂದೇ ಅಲ್ಲ. ಮೊದಲನೆಯದು ಕೊಡುವವರ ಅನುಕೂಲವನ್ನು ನೋಡುತ್ತದೆ. ಎರಡನೆಯದು ಪಡೆಯುವವರ ಮುಖವನ್ನು ನೋಡುತ್ತದೆ. ಈ ಎರಡರ ನಡುವಿನ ಅಂತರವನ್ನು ಅರಿತುಕೊಂಡರೆ ಕಪಾಟಿನ ಸಾಬೂನು ನಿಜಕ್ಕೂ ದಾನವಾಗುತ್ತದೆ. ಅರಿಯದಿದ್ದರೆ ಅದು ಒಂದು ಮನೆಯ ಕಸ ಇನ್ನೊಂದು ಮನೆಗೆ ಹೋದಂತೆ.

ಆಡಂಬರವೇ, ಅಗತ್ಯವೇ?

ಹೊಟ್ಟೆಗೆ ಅನ್ನವಿಲ್ಲದವರಿಗೆ ಹಣಿಗೆ, ಕನ್ನಡಿ, ಎಣ್ಣೆಯ ಶೀಸೆ ಏಕೆ ಎಂದು ಕೇಳುವವರಿದ್ದಾರೆ. ಹಿರಿಯರು ಹಾಗೆ ಎಣಿಸಿರಲಿಲ್ಲ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಅಕ್ಕಿ, ಬೇಳೆ, ಬೆಲ್ಲಗಳ ಜೊತೆಗೇ ಅರಿಸಿನ, ಕುಂಕುಮ, ಬಳೆ, ಬಾಚಣಿಗೆ, ಪುಟ್ಟ ಕನ್ನಡಿ, ಕಾಡಿಗೆಗಳಿಗೂ ಸ್ಥಾನವಿದೆ. ಧಾನ್ಯದಂತೆ ಅಲಂಕಾರವೂ ಕೊಡತಕ್ಕ ವಸ್ತುವೆಂಬ ತಿಳಿವಳಿಕೆ ಅದರಲ್ಲಿದೆ. ಆ ಸಂಪ್ರದಾಯ ಮುತ್ತೈದೆಯರಿಗಷ್ಟೇ ಸೀಮಿತವಾಗಿ, ಗಂಡನನ್ನು ಕಳೆದುಕೊಂಡವರನ್ನು ಹೊರಗಿಟ್ಟಿತೆಂಬುದೂ ಸತ್ಯ. ಆದರೂ ಅದರ ಒಂದು ನಿಯಮ ಇಂದಿಗೂ ಅನುಸರಣೀಯ: ಬಾಗಿನದಲ್ಲಿಡುವ ವಸ್ತು ಹೊಸದಾಗಿರಬೇಕು; ಬಳಸಿ ಬಿಟ್ಟದ್ದನ್ನು ಅಲ್ಲಿ ಯಾರೂ ಇಡುವುದಿಲ್ಲ.

ಯಾವುದು ಅಗತ್ಯ, ಯಾವುದು ಆಡಂಬರವೆಂಬ ಪ್ರಶ್ನೆಯಲ್ಲಿ ಸರಕಾರವೂ ಎಡವಿದೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕುಂಕುಮ, ಬಿಂದಿ, ಕಾಡಿಗೆ, ಬಳೆಗಳಿಗೆ ತೆರಿಗೆ ಇರಲಿಲ್ಲ. ಹೆಣ್ಣುಮಕ್ಕಳು ಪ್ರತಿ ತಿಂಗಳೂ ಕೊಳ್ಳಬೇಕಾದ ಸ್ಯಾನಿಟರಿ ನ್ಯಾಪ್ಕಿನ್‌ಗೆ ಶೇ. 12 ತೆರಿಗೆಯಿತ್ತು. ದೇಶದಾದ್ಯಂತ ಆಕ್ಷೇಪ ಎದ್ದ ಬಳಿಕ 2018ರ ಜುಲೈಯಲ್ಲಿ ಅದನ್ನು ತೆಗೆದುಹಾಕಲಾಯಿತು.

ಸಣ್ಣ ಪ್ರಸಾಧನ ವಸ್ತುವೊಂದು ಮನುಷ್ಯನಿಗೆ ಏನಾಗಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲೊಂದು ನಿದರ್ಶನವಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್ 15ರಂದು, ಬ್ರಿಟಿಷ್ ಸೇನೆಯು ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಯಾತನಾಶಿಬಿರವನ್ನು ಬಿಡುಗಡೆಗೊಳಿಸಿತು. ಹಸಿವು ಮತ್ತು ಜ್ವರದಿಂದ ಅಲ್ಲಿ ದಿನವೂ ನೂರಾರು ಜನ ಸಾಯುತ್ತಿದ್ದರು. ಅಂಥ ಹೊತ್ತಿನಲ್ಲಿ, ಔಷಧ ಆಹಾರಗಳಿಗೆ ಹಾತೊರೆಯುತ್ತಿದ್ದ ವೈದ್ಯ ದಳದ ಕೈಗೆ ಯಾರು ಕೇಳಿದರೆಂದು ತಿಳಿಯದ ಒಂದು ಸರಕು ಬಂದು ಸೇರಿತು: ರಾಶಿ ರಾಶಿ ಲಿಪ್‌ಸ್ಟಿಕ್. ಆ ದಳದ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಗೋನಿನ್ ಮೊದಲು ಬೇಸರಪಟ್ಟರು. ಬಳಿಕ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಹೊದೆಯಲು ಕಂಬಳಿಯೊಂದನ್ನು ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲದ ಮಹಿಳೆಯರು ತುಟಿಗೆ ಬಣ್ಣ ಹಚ್ಚಿಕೊಂಡು ಓಡಾಡಿದ್ದನ್ನು ಅವರು ಬರೆದಿಟ್ಟಿದ್ದಾರೆ. ತೋಳಿನ ಮೇಲೆ ಹಚ್ಚೆ ಹಾಕಿದ ಅಂಕೆಯಾಗಿ ಉಳಿದಿದ್ದವರಿಗೆ ತಾವು ಮತ್ತೆ ಮನುಷ್ಯರೆಂಬ ಅರಿವನ್ನು ಆ ಬಣ್ಣ ಕೊಟ್ಟಿತೆಂದು ಅವರಿಗೆ ಅನಿಸಿತು.

ಕಣ್ಣಿಗೆ ಬೀಳದ ಕೊರತೆ

ಹಸಿವು ಮುಖದಲ್ಲಿ ಕಾಣುತ್ತದೆ. ಸಾಬೂನಿನ ಕೊರತೆ ಕಾಣುವುದಿಲ್ಲ. ಅದು ನಾಚಿಕೆಯ ಹಿಂದೆ ಅಡಗಿರುತ್ತದೆ. ಪಡಿತರ ಚೀಟಿಗೆ ಅಕ್ಕಿ ದೊರೆಯುತ್ತದೆ. ಸಾಬೂನಿಗೂ ಪ್ಯಾಡಿಗೂ ಅಂಗಡಿಯಲ್ಲಿ ಹಣವನ್ನೇ ಎಣಿಸಬೇಕು. ಕೂಲಿ ಸಿಗದ ಮಳೆಗಾಲದ ವಾರದಲ್ಲಿ ಮನೆಯ ಖರ್ಚಿನ ಪಟ್ಟಿಯಿಂದ ಮೊದಲು ಹೊರಬೀಳುವುದು ಇವೇ. ಬಟ್ಟೆ ಒಗೆಯುವ ಸಾಬೂನಿನಿಂದಲೇ ತಲೆ ತೊಳೆದುಕೊಂಡು ಶಾಲೆಗೆ ಬರುವ ಮಗು ಅದನ್ನು ಯಾರಲ್ಲೂ ಹೇಳಿಕೊಳ್ಳುವುದಿಲ್ಲ.

ಈ ಕೊರತೆ ಶ್ರೀಮಂತ ದೇಶಗಳಿಗೂ ಅಪರಿಚಿತವಲ್ಲ. ಬ್ರಿಟನ್ನಿನಲ್ಲಿ ಉಚಿತ ಆಹಾರ ವಿತರಿಸುವ ಕೇಂದ್ರಗಳು ಅನೇಕ ಇದ್ದರೂ, ಅಲ್ಲಿಗೆ ಬರುವವರ ಸಾಬೂನು, ಶ್ಯಾಂಪೂ, ಹಲ್ಲುಜ್ಜುವ ಪೇಸ್ಟಿನ ಅಗತ್ಯಕ್ಕೆ ತಕ್ಕ ಏರ್ಪಾಡು ಇರಲಿಲ್ಲ. 2018ರಲ್ಲಿ ಲೇಖಕಿ ಸ್ಯಾಲಿ ಹ್ಯೂಸ್ ಮತ್ತು ಜೋ ಜೋನ್ಸ್ ಅಲ್ಲಿ ‘ಬ್ಯೂಟಿ ಬ್ಯಾಂಕ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಮನೆಗಳಲ್ಲಿ ಮತ್ತು ಕಂಪೆನಿಗಳಲ್ಲಿ ಉಳಿದ ಹೊಸ ವಸ್ತುಗಳನ್ನು ಸಂಗ್ರಹಿಸಿ ಆಶ್ರಯಧಾಮಗಳಿಗೂ ಆಹಾರ ಕೇಂದ್ರಗಳಿಗೂ ತಲುಪಿಸುವುದು ಅದರ ಕೆಲಸ.

ಕೇರಳಕ್ಕೆ ಈ ಪಾಠವನ್ನು ಮಳೆಯೇ ಕಲಿಸಿತು. 2018ರ ಆಗಸ್ಟ್ ತಿಂಗಳ ಮಹಾಪ್ರವಾಹದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಶಿಬಿರಗಳನ್ನು ಸೇರಿದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್ಮಲ ಊರುಗಳ ಮೇಲೆ ಗುಡ್ಡ ಕುಸಿದಾಗ ಬದುಕುಳಿದವರು ಉಟ್ಟ ಬಟ್ಟೆಯಲ್ಲೇ ಶಿಬಿರಗಳಿಗೆ ಬಂದರು. ಎರಡೂ ಸಂದರ್ಭಗಳಲ್ಲಿ ಜನ ಧಾರಾಳವಾಗಿ ಕೊಟ್ಟರು. ಬೇಕಾದ ವಸ್ತುಗಳ ಪಟ್ಟಿಯಲ್ಲಿ ಸಾಬೂನು, ಪೇಸ್ಟು, ಬ್ರಶ್ಶು, ಸ್ಯಾನಿಟರಿ ನ್ಯಾಪ್ಕಿನ್, ಹೊಸ ಒಳಉಡುಪುಗಳು ಇದ್ದವು. ಆದರೆ ಬಂದ ಗಂಟುಗಳಲ್ಲಿ ಧರಿಸಲಾಗದ ಹಳೆಯ ಬಟ್ಟೆಗಳೂ ಬಹಳವಿದ್ದವು. ಅವನ್ನು ಬೇರ್ಪಡಿಸಿ ವಿಲೇವಾರಿ ಮಾಡುವುದೇ ಸ್ವಯಂಸೇವಕರಿಗೆ ಇನ್ನೊಂದು ಹೊರೆಯಾಯಿತು. ಆಯ್ದು ಕೊಡದ ಔದಾರ್ಯ ಸಂತ್ರಸ್ತರ ಶ್ರಮವನ್ನೇ ಹೆಚ್ಚಿಸುತ್ತದೆ.

ಆದರೆ ಪ್ರವಾಹಕ್ಕಾಗಿ ಕಾಯಬೇಕಾಗಿಲ್ಲ. ಎಣ್ಮಕಜೆ, ಕುಂಬಡಾಜೆ, ಬೆಳ್ಳೂರು, ಬದಿಯಡ್ಕಗಳಂಥ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಸಂತ್ರಸ್ತ ಕುಟುಂಬಗಳಿವೆ. ಹಾಸಿಗೆ ಹಿಡಿದ ಮಗುವನ್ನು ದಿನವೂ ಒರೆಸಿ ಶುಚಿಗೊಳಿಸುವ ತಾಯಿಗೆ ಮೃದುವಾದ ಸಾಬೂನು, ಚರ್ಮ ಒಡೆಯದಂತೆ ಹಚ್ಚುವ ಎಣ್ಣೆ ಅಥವಾ ಲೋಷನ್, ಡಯಾಪರ್ ಇವು ಸೌಂದರ್ಯದ ವಸ್ತುಗಳಲ್ಲ, ನಿತ್ಯದ ಶುಶ್ರೂಷೆಯ ಸಾಧನಗಳು. ಶಾಲೆಗಳಲ್ಲಿ ನ್ಯಾಪ್ಕಿನ್ ಒದಗಿಸಲು ಕೇರಳ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು 2017ರಲ್ಲಿ ‘ಶೀ ಪ್ಯಾಡ್’ ಯೋಜನೆಯನ್ನು ಆರಂಭಿಸಿತು. ಆದರೆ ಶಾಲೆ ಬಿಟ್ಟ ಅಕ್ಕನಿಗೂ ಮನೆಯಲ್ಲಿರುವ ತಾಯಿಗೂ ಅಂಥ ಯೋಜನೆಯ ನೆರಳು ತಲುಪದು.

ಕೊಡಬಾರದ್ದು ಯಾವುದು?

ಕಪಾಟಿನ ವಸ್ತುಗಳನ್ನು ಮೇಜಿನ ಮೇಲೆ ಹರಡಿ ಮೊದಲು ನೋಡಬೇಕಾದದ್ದು ದಿನಾಂಕ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಲ್ಲಿ ಮಾರುವ ಪ್ರಸಾಧನಗಳ ಮೇಲೆ ತಯಾರಕರ ಹೆಸರು, ವಿಳಾಸ, ಬಳಕೆಯ ಅವಧಿ ಇರಬೇಕು. ಅವಧಿ ಮೀರಿದ್ದನ್ನು ಯಾರಿಗೂ ಕೊಡಬಾರದು. ಕೆಲವು ಡಬ್ಬಗಳ ಮೇಲೆ ಮುಚ್ಚಳ ತೆರೆದ ಭರಣಿಯ ಪುಟ್ಟ ಚಿತ್ರವೂ ಅದರೊಳಗೆ 6 ಅಥವಾ 12 ಎಂಬ ಅಂಕೆಯೂ ಇರುತ್ತವೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಅದರ ಅರ್ಥ.

ಎರಡನೆಯದು, ತೆರೆದ ವಸ್ತು. ಬೆರಳದ್ದಿದ ಕ್ರೀಮಿನ ಡಬ್ಬದಲ್ಲಿ ರೋಗಾಣುಗಳು ಬೆಳೆಯಬಲ್ಲವು. ಬಳಸಿದ ಕಾಡಿಗೆಯಿಂದ ಕಣ್ಣಿನ ಸೋಂಕು, ಲಿಪ್‌ಸ್ಟಿಕ್ಕಿನಿಂದ ತುಟಿಯ ಹುಣ್ಣು, ಕ್ಷೌರದ ಬ್ಲೇಡಿನಿಂದ ರಕ್ತದ ಮೂಲಕ ಹರಡುವ ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟಬಲ್ಲವು. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ ‘ಕ್ಲೀನ್ ದ ವರ್ಲ್ಡ್’ ಸಂಸ್ಥೆ ಹೋಟೆಲುಗಳಲ್ಲಿ ಅರ್ಧ ಬಳಸಿ ಬಿಟ್ಟ ಸಾಬೂನನ್ನು ಬಡವರಿಗೆ ತಲುಪಿಸುತ್ತದೆ, ನಿಜ. ಆದರೆ ಅದನ್ನು ಹಾಗೆಯೇ ಕೊಡುವುದಿಲ್ಲ. ಯಂತ್ರಗಳಲ್ಲಿ ಪುಡಿ ಮಾಡಿ, ರೋಗಾಣುಮುಕ್ತಗೊಳಿಸಿ, ಹೊಸ ಬಿಲ್ಲೆಯಾಗಿ ಅಚ್ಚು ಹಾಕುತ್ತದೆ. ಮನೆಯಲ್ಲಿ ಆ ಏರ್ಪಾಡಿಲ್ಲ. ಆದ್ದರಿಂದ ಮೊಹರು ಒಡೆಯದ ವಸ್ತು ಮಾತ್ರ ದಾನಕ್ಕೆ ಯೋಗ್ಯ.

ಮೂರನೆಯದು ಎಲ್ಲಕ್ಕಿಂತ ಗಂಭೀರ: ಮುಖವನ್ನು ಬೆಳ್ಳಗಾಗಿಸುತ್ತವೆಂಬ ಕ್ರೀಮುಗಳು. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ಅದು ತಡೆಯುವುದರಿಂದ ಮುಖ ಬೇಗನೆ ಬೆಳ್ಳಗಾದಂತೆ ತೋರುತ್ತದೆ. ಆದರೆ ಚರ್ಮದ ಮೂಲಕ ದೇಹವನ್ನು ಸೇರಿದ ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದಾಗ, ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣ ಕಂಡುಬಂತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದ್ದವರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ತಪಾಸಣೆಯನ್ನು ಆರಂಭಿಸಿ, ಪರವಾನಗಿಯಿಲ್ಲದ ಪ್ರಸಾಧನಗಳನ್ನು ವಶಪಡಿಸಿಕೊಂಡಿತು.

ಆದ್ದರಿಂದ ತಯಾರಕರ ವಿಳಾಸವಿಲ್ಲದ, ಒಳಗೇನಿದೆಯೆಂದು ಬರೆಯದ ಕ್ರೀಮು ಎಷ್ಟೇ ದುಬಾರಿಯಾಗಿದ್ದರೂ, ಯಾರೇ ಪ್ರೀತಿಯಿಂದ ತಂದಿದ್ದರೂ ಅದನ್ನು ಬಳಸಲೂ ಬಾರದು, ಕೊಡಲೂ ಬಾರದು. ಇಷ್ಟಕ್ಕೂ ಬೆಳ್ಳಗಾಗುವ ಕ್ರೀಮನ್ನು ಬಡ ಹುಡುಗಿಯ ಕೈಗಿಡುವುದೆಂದರೆ ಅವಳ ಬಣ್ಣ ಸರಿಯಿಲ್ಲವೆಂದು ಹೇಳಿದಂತೆ. ಅದು ದಾನದ ರೂಪದಲ್ಲಿ ಬಂದ ಅವಮಾನ.

ಹೀಗೆ ಬೇರ್ಪಟ್ಟದ್ದನ್ನು ತೋಡಿಗೆ ಸುರಿಯುವುದು, ಬಾವಿಯ ಬಳಿ ಹೂಳುವುದು, ಅಂಗಳದ ಮೂಲೆಯಲ್ಲಿ ಸುಡುವುದು ಸಲ್ಲದು. ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಮಹಿಳೆಯರಲ್ಲಿ ವಿಚಾರಿಸಿ, ಇದು ಇಂಥದ್ದೆಂದು ತಿಳಿಸಿ, ಬೇರೆಯಾಗಿಯೇ ಕೊಡಬೇಕು.

ಯಾರ ಮೂಲಕ, ಹೇಗೆ?

ಕೊಡುವ ಮೊದಲು ಕೇಳುವುದು ಉತ್ತಮ. ಊರಿನ ಕೊರತೆ ಯಾವ ಮನೆಯಲ್ಲಿದೆಯೆಂದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಶಿಕ್ಷಕಿಗೆ, ಕುಟುಂಬಶ್ರೀ ಘಟಕದವರಿಗೆ ಗೊತ್ತು. ಕೇರಳವು 2008ರಲ್ಲೇ ಸಾಂತ್ವನ ಆರೈಕೆಗೆ ಪ್ರತ್ಯೇಕ ನೀತಿಯನ್ನು ರೂಪಿಸಿದ ರಾಜ್ಯ. ಪಂಚಾಯತಿನ ಸಾಂತ್ವನ ಆರೈಕೆಯ ದಾದಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುತ್ತಾರೆ. ಬಡ್ಸ್ ಶಾಲೆಗಳ ಶಿಕ್ಷಕಿಯರಿಗೂ ಮಕ್ಕಳ ಅಗತ್ಯಗಳು ತಿಳಿದಿರುತ್ತವೆ. ಇವರಲ್ಲಿ ಒಬ್ಬರನ್ನು ವಿಚಾರಿಸಿದರೆ ಯಾವ ಮನೆಗೆ ಏನು ಬೇಕು, ಯಾವುದು ಬೇಡವೆಂಬುದು ಸ್ಪಷ್ಟವಾಗುತ್ತದೆ. ಕೆಲವೊಮ್ಮೆ ಹತ್ತು ಬಗೆಯ ಲೋಷನಿಗಿಂತ ಎರಡು ಪೊಟ್ಟಣ ನ್ಯಾಪ್ಕಿನ್ ಕೊಂಡು ಕೊಡುವುದೇ ಸರಿಯಾದ ಸಹಾಯವೆಂದು ತಿಳಿದೀತು.

ಶಾಲೆಯ ರಕ್ಷಕ ಶಿಕ್ಷಕ ಸಂಘಗಳೂ ಜೂನಿಯರ್ ರೆಡ್‌ಕ್ರಾಸ್, ಸ್ಕೌಟ್ ಗೈಡ್ ಘಟಕಗಳೂ ಇದನ್ನು ವರ್ಷಕ್ಕೊಮ್ಮೆ ಕೈಗೊಳ್ಳಬಹುದು. ಸಂಗ್ರಹಿಸಿದ್ದನ್ನು ಶಾಲೆಯಲ್ಲೇ ಹಂಚುವುದು ಮಾತ್ರ ಬೇಡ. ಪಡೆಯುವ ಮಗು ಸಹಪಾಠಿಗಳ ಎದುರು ತಲೆತಗ್ಗಿಸಬೇಕಾದ ಸಂದರ್ಭ ಬರಬಾರದು. ಛಾಯಾಚಿತ್ರವೂ ಬೇಡ, ವೇದಿಕೆಯೂ ಬೇಡ. ಯಾರಿಗೆ ಹೋಯಿತೆಂದು ತಲುಪಿಸಿದವರಿಗಷ್ಟೇ ತಿಳಿದಿದ್ದರೆ ಸಾಕು.

ವಸ್ತುಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಕು. ದಿನಾಂಕ ಹುಡುಕುವುದು, ತಿಂಗಳು ಎಣಿಸುವುದು, ಒಳಗಿರುವ ವಸ್ತುಗಳ ಹೆಸರು ಓದುವುದು ಅವರಿಗೆ ವಿಜ್ಞಾನದ ಪಾಠವೂ ಹೌದು, ಲೆಕ್ಕದ ಪಾಠವೂ ಹೌದು. ಇನ್ನೊಂದು ಕೆಲಸವನ್ನಂತೂ ಕನ್ನಡ ಮಾಧ್ಯಮದ ಮಕ್ಕಳೇ ಮಾಡಬೇಕು. ಕೊಲ್ಲಿಯಿಂದ ಬಂದ ಶೀಸೆಗಳ ಮೇಲೆ ಅರಬಿ ಮತ್ತು ಇಂಗ್ಲಿಷ್, ಇಲ್ಲಿನವುಗಳ ಮೇಲೆ ಬಹುಮಟ್ಟಿಗೆ ಇಂಗ್ಲಿಷ್. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಶ್ಯಾಂಪೂ ಯಾವುದು, ಲೋಷನ್ ಯಾವುದು, ಪಾತ್ರೆ ತೊಳೆಯುವ ದ್ರವ ಯಾವುದೆಂದು ತಿಳಿಯುವುದು ಹೇಗೆ? ತಿಳಿಯದ ಶೀಸೆ ಅವರ ಮನೆಯ ಕಪಾಟಿನಲ್ಲೂ ಹಾಗೆಯೇ ಉಳಿಯುತ್ತದೆ. ಇಲ್ಲವೇ ಕಣ್ಣಿಗೆ, ಗಾಯಕ್ಕೆ ತಾಗಿ ಹಾನಿ ಮಾಡುತ್ತದೆ.

ಅದಕ್ಕೆ ಬೇಕಾದದ್ದು ಒಂದು ಚೀಟಿ, ಸ್ವಲ್ಪ ಅಂಟು. ‘ತಲೆಗೆ ಹಚ್ಚಿ ತೊಳೆಯಬೇಕು’, ‘ಸ್ನಾನದ ನಂತರ ಮೈಗೆ’, ‘ಕಣ್ಣಿಗೆ ತಾಗಬಾರದು’, ‘ಮುಂದಿನ ಮಾರ್ಚ್ ಒಳಗೆ ಮುಗಿಸಬೇಕು’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದು ಅಂಟಿಸಿದರಾಯಿತು. ಮಲಯಾಳ ಓದುವ ಮನೆಯಾದರೆ ಮಲಯಾಳದಲ್ಲಿ ಬರೆಯಬೇಕು. ಹೀಗೆ ಬರೆಯುವ ಮಗು ಆ ಶೀಸೆಯನ್ನು ತೆರೆಯಲಿರುವವರ ಬಗ್ಗೆ ಒಂದು ಗಳಿಗೆಯಾದರೂ ಯೋಚಿಸಿರುತ್ತದೆ. ಕಪಾಟಿನ ಕೆಳಗಿನ ತಟ್ಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸಾಬೂನು ಇನ್ನೊಬ್ಬರ ಮನೆಯ ಸ್ನಾನದ ಕಲ್ಲಿನ ಮೇಲೆ ನಿತ್ಯದ ವಸ್ತುವಾಗಿ ಕೂರುವುದು ಆಗಲೇ.